ಟಿವಿ ರೆಕಾರ್ಡಿಂಗ್ ಚೌಕ ಚೌಕ ಒಡೆಯುತ್ತಿದೆಯಾ? ತಾರಸಿಯಿಂದ ಹಾರ್ಡ್ ಡಿಸ್ಕ್‌ವರೆಗೆ ಪೂರ್ತಿ ತಪಾಸಣೆ

ಒಂದು ಫ್ರೀ ಡಿಶ್, ಉಪಗ್ರಹದ ಸಿಗ್ನಲನ್ನು ಕಂಪ್ಯೂಟರ್‌ಗೆ ಕೊಡುವ ಒಂದು ಡಿವಿಬಿ-ಎಸ್2 ಟ್ಯೂನರ್, ಮೂಲೆಯಲ್ಲಿ ಬಿದ್ದಿರುವ ಹಳೇ ಕಂಪ್ಯೂಟರ್. ಇಷ್ಟಿದ್ದರೆ ತಿಂಗಳ ಖರ್ಚಿಲ್ಲದೆ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳಬಹುದು. ತುಮಕೂರಿನಲ್ಲಿ ನನಗೆ ಗೊತ್ತಿರುವ ಕೆಲವರು ಹೀಗೇ ಮಾಡುತ್ತಾರೆ. ಒಬ್ಬರಿಗೆ ಚಂದನದ ಕ್ವಿಜ್ ಬೇಕು, ಇನ್ನೊಬ್ಬರಿಗೆ ಕೃಷಿ ಕಾರ್ಯಕ್ರಮ, ಮತ್ತೊಬ್ಬರಿಗೆ ದಸರಾ ಜಂಬೂ ಸವಾರಿ. ದೂರು ಮಾತ್ರ ಎಲ್ಲರದ್ದೂ ಒಂದೇ. ರೆಕಾರ್ಡ್ ಆಗಿದ್ದನ್ನು ಹಾಕಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ಕೀಚ್ ಅಂದು ನಿಲ್ಲುತ್ತದೆ, ನಡುವೆ ಒಂದು ವಾಕ್ಯವೇ ಹಾರಿಹೋಗುತ್ತದೆ.

ಆಗ ಬಹಳ ಜನ ಮೊದಲು ಸಾಫ್ಟ್‌ವೇರ್ ಬದಲಾಯಿಸುತ್ತಾರೆ. ಆಮೇಲೆ ವಿಂಡೋಸ್ ಹೊಸದಾಗಿ ಹಾಕುತ್ತಾರೆ. ಅದೂ ಆಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಹೊಸ ಟ್ಯೂನರ್ ತರುತ್ತಾರೆ. ತಪ್ಪು ತಾರಸಿ ಮೇಲಿನ ಪುಟ್ಟ ಕನೆಕ್ಟರ್‌ನಲ್ಲಿದ್ದರೆ ಇಷ್ಟೂ ದಂಡ. ಹಾಗಾಗಿ ಏನನ್ನೂ ಬದಲಾಯಿಸುವ ಮುಂಚೆ ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕಿ. ಡೇಟಾ ಹಾಳಾಗುತ್ತಿರುವುದು ಟ್ಯೂನರ್‌ಗೆ ಬರುವ ಮುಂಚೆಯೋ, ಬಂದ ಮೇಲೋ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಹೇಳುವುದೆಲ್ಲ ಡಿಡಿ ಫ್ರೀ ಡಿಶ್‌ನಂಥ ಉಚಿತ ಉಪಗ್ರಹ ಚಾನೆಲ್‌ಗಳಿಗೆ. ದುಡ್ಡು ಕಟ್ಟುವ ಡಿಟಿಎಚ್ ಮತ್ತು ಕೇಬಲ್ ಚಾನೆಲ್‌ಗಳಿಗೆ ಬೀಗ ಹಾಕಿರುತ್ತಾರೆ, ಸಾದಾ ಟ್ಯೂನರ್ ಅವನ್ನು ತೆರೆಯುವುದಿಲ್ಲ. ಅಂಟೆನಾ ಕಾಲದ ಅನಲಾಗ್ ಟಿವಿ ಕಾರ್ಡ್ ಇಟ್ಟುಕೊಂಡಿದ್ದರೆ ಅದನ್ನು ಮರೆತುಬಿಡಿ. ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಬಹುತೇಕ ಮುಚ್ಚಿದೆ.

ಮೊದಲ ಹಂತ: ತಪ್ಪು ಫೈಲ್‌ನಲ್ಲಿದೆಯೋ, ಪ್ಲೇಯರ್‌ನಲ್ಲೋ?

ಒಡೆದ ಜಾಗದ ಸಮಯ ಬರೆದುಕೊಳ್ಳಿ. ಉದಾಹರಣೆಗೆ 12 ನಿಮಿಷ 40 ಸೆಕೆಂಡ್. ಹಿಂದಕ್ಕೆ ಹೋಗಿ ಅದೇ ಜಾಗವನ್ನು ಮತ್ತೆ ನೋಡಿ. ಆಮೇಲೆ ಫೈಲನ್ನು ಬೇರೆ ಪ್ಲೇಯರ್‌ನಲ್ಲಿ, ಸಾಧ್ಯವಾದರೆ ಬೇರೆ ಕಂಪ್ಯೂಟರ್‌ನಲ್ಲೂ ಹಾಕಿ. ಎಲ್ಲ ಕಡೆ ಅದೇ ಸೆಕೆಂಡಿಗೆ ಒಡೆದರೆ ತಪ್ಪು ಫೈಲ್‌ನಲ್ಲೇ ಇದೆ. ಒಂದೊಂದು ಸಲ ಒಂದೊಂದು ಕಡೆ ಒಡೆದರೆ ಫೈಲ್ ಸರಿಯಾಗಿದೆ, ತೋರಿಸುವ ಕಂಪ್ಯೂಟರ್‌ಗೆ ಶಕ್ತಿ ಸಾಲುತ್ತಿಲ್ಲ. ಪ್ಲೇಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ (ಚಿತ್ರ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವುದು) ಆನ್ ಇದ್ದರೆ ಆಫ್ ಮಾಡಿ, ಆಫ್ ಇದ್ದರೆ ಆನ್ ಮಾಡಿ ನೋಡಿ.

ಇನ್ನೊಂದು ಸುಳ್ಳು ದೂರು ಇದೆ. ಯಾರಾದರೂ ಕೈ ಬೀಸಿದರೆ, ಕ್ರಿಕೆಟ್ ಚೆಂಡು ಓಡಿದರೆ, ಅಂಚಿನಲ್ಲಿ ಬಾಚಣಿಗೆ ಹಲ್ಲು ಮೂಡುತ್ತದೆ. ಇದು ಹಾಳಾದ ರೆಕಾರ್ಡಿಂಗ್ ಅಲ್ಲ. ನಮ್ಮ ಎಸ್‌ಡಿ ಚಾನೆಲ್‌ಗಳು 576 ಸಾಲುಗಳ ಚಿತ್ರವನ್ನು ಅರ್ಧರ್ಧವಾಗಿ ಎರಡು ಸರದಿಯಲ್ಲಿ ಕಳಿಸುತ್ತವೆ. ಕಂಪ್ಯೂಟರ್ ಅವೆರಡನ್ನೂ ಒಟ್ಟಿಗೆ ತೋರಿಸಿದಾಗ ಹಲ್ಲು ಕಾಣುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿದರೆ ಹೋಗುತ್ತದೆ. ತಾರಸಿ ಹತ್ತುವ ಅಗತ್ಯವಿಲ್ಲ.

ಎರಡನೇ ಹಂತ: ಲೆಕ್ಕ ಹೇಳುವ ಅಂಕಿಗಳನ್ನು ಓದಿ

ಇದು ಇಡೀ ತಪಾಸಣೆಯ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಉಪಗ್ರಹದಿಂದ ಬರುವ ಟಿವಿ ಡೇಟಾ ಪುಟ್ಟ ಪುಟ್ಟ ಪ್ಯಾಕೆಟ್‌ಗಳಲ್ಲಿ ಬರುತ್ತದೆ. ಒಂದೊಂದೂ 188 ಬೈಟ್. ಚಿತ್ರದ ಪ್ಯಾಕೆಟ್‌ಗೆ ಒಂದು ಗುರುತಿನ ಸಂಖ್ಯೆ, ಧ್ವನಿಯದ್ದಕ್ಕೆ ಇನ್ನೊಂದು. ಜೊತೆಗೆ ಪ್ರತಿ ಪ್ಯಾಕೆಟ್ ಮೇಲೂ 0 ಯಿಂದ 15 ರವರೆಗಿನ ಒಂದು ಸರದಿ ಸಂಖ್ಯೆ ಇರುತ್ತದೆ. 15 ಆದ ಮೇಲೆ ಮತ್ತೆ 0. ಚಿತ್ರದ ಪ್ಯಾಕೆಟ್‌ಗಳು 6, 7, 8 ಅಂತ ಬರುತ್ತಿದ್ದು ಒಮ್ಮೆಗೇ 11 ಬಂದರೆ ನಡುವೆ ಎರಡು ಕಳೆದುಹೋಗಿವೆ ಎಂದರ್ಥ. ಇದನ್ನು ಕಂಟಿನ್ಯೂಯಿಟಿ ಎರರ್, ಚಿಕ್ಕದಾಗಿ ಸಿಸಿ ಅನ್ನುತ್ತಾರೆ.

ಪ್ಯಾಕೆಟ್ ಒಳಗೆ ಇನ್ನೊಂದು ಬಾವುಟವೂ ಇದೆ. ಆಕಾಶದಿಂದ ಬಂದ ಡೇಟಾ ಎಷ್ಟು ಕೆಟ್ಟಿದೆಯೆಂದರೆ ತಿದ್ದಲು ಆಗಲಿಲ್ಲ ಅಂತ ಟ್ಯೂನರ್‌ನ ಚಿಪ್‌ಗೆ ಅನ್ನಿಸಿದರೆ ಅದು ಆ ಬಾವುಟ ಎತ್ತುತ್ತದೆ. ಇದು ಟ್ರಾನ್ಸ್‌ಪೋರ್ಟ್ ಎರರ್, ಅಂದರೆ ಟಿಇ. ತಿದ್ದಲಾಗದ ಬ್ಲಾಕ್‌ಗಳ ಒಟ್ಟು ಲೆಕ್ಕಕ್ಕೆ ಯುಎನ್‌ಸಿ ಎಂಬ ಅಂಕಿ ಬೇರೆ ಇದೆ.

ಟಿವಿಹೆಡೆಂಡ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇದೆಲ್ಲ ಒಂದೇ ಕಡೆ ಸಿಗುತ್ತದೆ. ಬ್ರೌಸರ್‌ನಲ್ಲಿ 9981 ಪೋರ್ಟ್‌ಗೆ ಹೋಗಿ ಸ್ಟೇಟಸ್ ಒಳಗಿನ ಸ್ಟ್ರೀಮ್ ಪುಟ ತೆರೆಯಿರಿ. ಸಿಗ್ನಲ್, ಎಸ್‌ಎನ್‌ಆರ್ (ಸಿಗ್ನಲ್‌ನ ಗುಣಮಟ್ಟ), ಯುಎನ್‌ಸಿ, ಟಿಇ, ಸಿಸಿ ಎಲ್ಲ ಸಾಲಾಗಿ ಇರುತ್ತವೆ. ವಿಂಡೋಸ್‌ನ ಡಿವಿಬಿವ್ಯೂವರ್, ನೆಕ್ಸ್ಟ್‌ಪಿವಿಆರ್‌ನಂಥವುಗಳಲ್ಲಿ ಸಿಗ್ನಲ್ ವಿವರದ ಕಿಟಕಿ ಅಥವಾ ಲಾಗ್ ಫೈಲ್ ನೋಡಿ. ಈಗಾಗಲೇ ರೆಕಾರ್ಡ್ ಆದ ಫೈಲ್‌ನಲ್ಲಿ ಎಷ್ಟು ಪ್ಯಾಕೆಟ್ ಕಳೆದಿವೆ ಎಂದು ಎಣಿಸಲು ಟಿಎಸ್‌ಡಕ್ ಎಂಬ ಉಚಿತ ಸಾಧನ ಇದೆ.

ಓದುವ ಕ್ರಮ ಹೀಗೆ. ಟಿಇ ಅಥವಾ ಯುಎನ್‌ಸಿ ಏರುತ್ತಿದ್ದು ಜೊತೆಗೆ ಸಿಸಿಯೂ ಏರುತ್ತಿದ್ದರೆ ತಪ್ಪು ತಾರಸಿಯಿಂದ ಟ್ಯೂನರ್‌ವರೆಗಿನ ದಾರಿಯಲ್ಲಿದೆ. ಟಿಇ, ಯುಎನ್‌ಸಿ ಎರಡೂ ಸೊನ್ನೆಯಲ್ಲೇ ನಿಂತು ಸಿಸಿ ಮಾತ್ರ ಏರುತ್ತಿದ್ದರೆ ಟ್ಯೂನರ್‌ಗೆ ಒಳ್ಳೆಯ ಡೇಟಾ ಬಂದಿದೆ, ಕಂಪ್ಯೂಟರ್ ಒಳಗೆ ಕಳೆದುಹೋಗುತ್ತಿದೆ. ಮೂರೂ ಸೊನ್ನೆ ಇದ್ದು ಚಿತ್ರ ಮಾತ್ರ ಒಡೆದಿದ್ದರೆ ಚಾನೆಲ್‌ನವರೇ ಹಾಗೆ ಕಳಿಸಿದ್ದಾರೆ. ಹಳ್ಳಿಯಿಂದ ವರದಿಗಾರ ಮೊಬೈಲ್ ನೆಟ್‌ವರ್ಕ್‌ನಲ್ಲಿ ಕೊಡುವ ಲೈವ್ ಒಡೆಯುತ್ತದಲ್ಲ, ಅದು ಈ ಜಾತಿ. ಅದಕ್ಕೆ ನಾವು ಮಾಡುವಂಥದ್ದು ಏನೂ ಇಲ್ಲ.

ಒಂದು ಎಚ್ಚರಿಕೆ. ಕೆಲವು ಟ್ಯೂನರ್‌ಗಳು ಕೆಟ್ಟ ಪ್ಯಾಕೆಟ್‌ಗೆ ಬಾವುಟ ಎತ್ತದೆ ಸುಮ್ನೆ ಬಿಸಾಡುತ್ತವೆ. ಇನ್ನು ಕೆಲವು ಡ್ರೈವರ್‌ಗಳು ಯುಎನ್‌ಸಿಯನ್ನು ಹೇಳುವುದೇ ಇಲ್ಲ. ನಿಮ್ಮದು ಆ ಥರದ್ದೋ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ. ಲೈವ್ ನೋಡುತ್ತಿರುವಾಗ ಒಬ್ಬರನ್ನು ತಾರಸಿಗೆ ಕಳಿಸಿ, ಎಲ್‌ಎನ್‌ಬಿ (ಡಿಶ್ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಮುಂದೆ ಕೈ ಅಡ್ಡ ಹಿಡಿದು ತೆಗೆಯಲು ಹೇಳಿ. ಟಿಇ ಅಥವಾ ಯುಎನ್‌ಸಿ ಏರಿದರೆ ನಿಮ್ಮ ಮೀಟರ್ ನಿಜ ಹೇಳುತ್ತದೆ. ಸಿಸಿ ಮಾತ್ರ ಏರಿದರೆ ಮೇಲಿನ ನಿಯಮವನ್ನು ಪೂರ್ತಿ ನಂಬಬೇಡಿ, ಮುಂದಿನ ಪರೀಕ್ಷೆಯನ್ನೂ ಮಾಡಿ.

ಅದು ಹೀಗೆ. ಡಿಶ್‌ನಿಂದ ಬರುವ ಅದೇ ಕೇಬಲನ್ನು ಟ್ಯೂನರ್‌ನಿಂದ ಬಿಚ್ಚಿ ಫ್ರೀ ಡಿಶ್ ಸೆಟ್‌ಟಾಪ್ ಬಾಕ್ಸ್‌ಗೆ ಹಾಕಿ, ಅದೇ ಚಾನೆಲನ್ನು ಒಂದು ಸಂಜೆ ಟಿವಿಯಲ್ಲಿ ಓಡಲು ಬಿಡಿ. ಅಲ್ಲೂ ಒಡೆದರೆ ಏಣಿ ಹುಡುಕಿ. ಅಲ್ಲಿ ಚೆನ್ನಾಗಿ ಬಂದರೆ ಕಂಪ್ಯೂಟರ್ ಕಡೆ ತಿರುಗಿ.

ಬರಿಗಣ್ಣಿಗೂ ಒಂದಷ್ಟು ಸುಳಿವು ಸಿಗುತ್ತದೆ. ಒಂದೇ ಪ್ಯಾಕೆಟ್ ಹೋದರೂ ಕಲೆ ಕ್ಷಣಕ್ಕೆ ಮಾಯವಾಗುವುದಿಲ್ಲ. ಮುಂದಿನ ಪೂರ್ಣ ಚಿತ್ರ (ಬದಲಾದ ಭಾಗವಷ್ಟೇ ಅಲ್ಲ, ಇಡೀ ಚಿತ್ರ) ಬರುವವರೆಗೂ ಹಾಗೇ ಹರಡಿಕೊಂಡಿರುತ್ತದೆ. ಎಂಪೆಗ್-2 (ಚಿತ್ರ ಕುಗ್ಗಿಸುವ ಹಳೇ ವಿಧಾನ) ಚಾನೆಲ್‌ನಲ್ಲಿ ಅದು ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ ಬರುತ್ತದೆ. ಎಂಪೆಗ್-4 ರಲ್ಲಿ ಇನ್ನೂ ತಡ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಅರ್ಧ ಸೆಕೆಂಡ್ ಕಲೆ ಎಂದರೆ ಬಿಡಿ ಪ್ಯಾಕೆಟ್‌ಗಳು ಹೋಗುತ್ತಿವೆ. ಕಲೆಯೇ ಇಲ್ಲದೆ ಹತ್ತು ಸೆಕೆಂಡ್ ಪೂರ್ತಿ ಹಾರಿಹೋದರೆ ಏನೋ ಒಂದು ನಿಂತು ಮತ್ತೆ ಶುರುವಾಗಿದೆ. ಯುಎಸ್‌ಬಿ, ಡಿಸ್ಕ್ ಅಥವಾ ಕರೆಂಟ್ ಮೇಲೆ ಅನುಮಾನ ಪಡಿ.

ಮೂರನೇ ಹಂತ: ತಾರಸಿ

ಡಿಶ್ ಕಟ್ಟುವ ಹುಡುಗನನ್ನು ಕರೆದರೆ ಅವನು ಮೀಟರ್ ತೋರಿಸಿ, "ಅಣ್ಣ, ಸಿಗ್ನಲ್ ತೊಂಬತ್ತೈದು ಇದೆ ನೋಡಿ, ಡಿಶ್ ಪಕ್ಕಾ ಇದೆ, ನಿಮ್ಮ ಕಂಪ್ಯೂಟರೇ ಸರಿ ಇಲ್ಲ" ಅಂದುಬಿಡುತ್ತಾನೆ. ಅವನು ತೋರಿಸುವುದು ಬಹಳ ಸಲ ಸ್ಟ್ರೆಂತ್. ನಮಗೆ ಬೇಕಾದ್ದು ಕ್ವಾಲಿಟಿ. ಗದ್ದಲವೂ ಸೇರಿ ಒಟ್ಟು ಎಷ್ಟು ಶಕ್ತಿ ಬರುತ್ತಿದೆ ಎಂಬುದಷ್ಟೇ ಸ್ಟ್ರೆಂತ್. ಗದ್ದಲಕ್ಕಿಂತ ನಿಜವಾದ ಸಿಗ್ನಲ್ ಎಷ್ಟು ಮೇಲಿದೆ ಎಂಬುದು ಕ್ವಾಲಿಟಿ, ಅಂದರೆ ಎಸ್‌ಎನ್‌ಆರ್.

ಎಸ್‌ಎನ್‌ಆರ್ ಡೆಸಿಬೆಲ್‌ನಲ್ಲಿ ಸಿಕ್ಕರೆ ಅದನ್ನೇ ನಂಬಿ. ಡಿವಿಬಿ-ಎಸ್2 ನಲ್ಲಿ 8 ಪಿಎಸ್‌ಕೆ, 3/4 ಎಂಬ ಕಳಿಸುವ ವಿಧಾನ ಬಳಸುವ ಟ್ರಾನ್ಸ್‌ಪಾಂಡರ್ (ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್ ಕಳಿಸುವ ಉಪಗ್ರಹದ ಭಾಗ) ಸರಿಯಾಗಿ ಓಡಲು ಪುಸ್ತಕದ ಲೆಕ್ಕದಲ್ಲೇ 8 ಡೆಸಿಬೆಲ್ ಹತ್ತಿರ ಬೇಕು. ಅದರ ಮೇಲೆ ಕನಿಷ್ಠ 3 ಡೆಸಿಬೆಲ್ ಉಳಿಕೆ ಇಟ್ಟುಕೊಳ್ಳಿ. ಡಿಜಿಟಲ್‌ನಲ್ಲಿ ಚಿತ್ರ ಮೆಲ್ಲಗೆ ಮಸುಕಾಗುವುದಿಲ್ಲ. ಗಡಿಯ ಮೇಲಿದ್ದಷ್ಟೂ ಕನ್ನಡಿ ಥರ ಇರುತ್ತದೆ, ಗಡಿ ದಾಟಿದ ಕೂಡಲೇ ಚಿಂದಿ. ಅದಕ್ಕೇ "ಹಗಲೆಲ್ಲ ಚೆನ್ನಾಗಿತ್ತು, ರಾತ್ರಿ ರೆಕಾರ್ಡಿಂಗ್ ಮಾತ್ರ ಹಾಳು" ಎನ್ನುವವರು ಗಡಿಯಲ್ಲೇ ಓಡಿಸುತ್ತಿರುತ್ತಾರೆ.

ಮೊದಲು ನೋಡಬೇಕಾದ್ದು ಕನೆಕ್ಟರ್. ಎಲ್‌ಎನ್‌ಬಿ ಬಳಿ ಕೇಬಲ್ ತಿರುಪು ಬಿಚ್ಚಿ ನಡುವಿನ ತಂತಿ ನೋಡಿ. ತಾಮ್ರ ಹೊಳೆಯಬೇಕು. ಹಸಿರು ಕಿಲುಬು ಅಥವಾ ಬಿಳಿ ಪುಡಿ ಕಂಡರೆ ನೀರು ಹೋಗಿದೆ. ಹೊರಗಿನ ಹೆಣಿಗೆ ತಂತಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗುತ್ತಿದ್ದರೂ ಸಾಕು, ಗಾಳಿಗೆ ಕೇಬಲ್ ಅಲ್ಲಾಡಿದಾಗಲೆಲ್ಲ ಶಾರ್ಟ್ ಆಗುತ್ತದೆ. ನಡುವಿನ ತಂತಿ ಕನೆಕ್ಟರ್ ಅಂಚಿನಿಂದ ಎರಡು-ಮೂರು ಮಿಲಿಮೀಟರ್ ಹೊರಗಿರಲಿ. ಒಳಗೇ ಉಳಿದಿದ್ದರೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.

ನೀರು ಹೋಗಿದ್ದರೆ ಕನೆಕ್ಟರ್ ಬದಲಾಯಿಸಿದರೆ ಸಾಲದು. ಕೇಬಲ್‌ನ ಹೆಣಿಗೆ ಬತ್ತಿ ಎಣ್ಣೆ ಹೀರಿದ ಹಾಗೆ ನೀರು ಹೀರಿಕೊಂಡು ಒಳಗೆ ದೂರ ಎಳೆದುಕೊಂಡು ಹೋಗಿರುತ್ತದೆ. ಕಪ್ಪಾದ ಭಾಗ ಮುಗಿದು ಶುಚಿಯಾದ ಹೆಣಿಗೆ ಕಾಣುವವರೆಗೂ ಕತ್ತರಿಸುತ್ತಾ ಹೋಗಿ. ಕೇಬಲ್ ಗಿಡ್ಡವಾಗುತ್ತೆ ಅಂತ ಜಾಯಿಂಟ್ ಹಾಕಬೇಡಿ, ಪೂರ್ತಿ ಹೊಸ ಆರ್‌ಜಿ-6 ಕೇಬಲ್ ಎಳೆಯಿರಿ. ಕಟ್ಟುವಾಗ ಕೇಬಲ್ ಎಲ್‌ಎನ್‌ಬಿಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಬಳುಕು ಬಿಡಿ. ಮಳೆನೀರು ಕನೆಕ್ಟರ್ ಕಡೆ ಹರಿಯದೆ ಆ ಬಳುಕಿನ ತಳದಿಂದ ತೊಟ್ಟಿಕ್ಕುತ್ತದೆ. ಸಾದಾ ಇನ್ಸುಲೇಷನ್ ಟೇಪ್ ಒಂದು ಬೇಸಿಗೆಗೇ ಬಿಟ್ಟುಕೊಳ್ಳುತ್ತದೆ. ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ, ಅದನ್ನು ಹಾಕಿ.

ಆಮೇಲೆ ಡಿಶ್ ಅಲುಗಾಡುತ್ತದೆಯೇ ನೋಡಿ. ಫ್ರೀ ಡಿಶ್ ಚಾನೆಲ್‌ಗಳು ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ರಿಂದ. ತುಮಕೂರಿನಿಂದ ನೋಡಿದರೆ ಅದು ಅಗ್ನಿಮೂಲೆಯಲ್ಲಿ, ನೆಲದಿಂದ ಸುಮಾರು 65 ಡಿಗ್ರಿ ಮೇಲೆ ಕೂತಿದೆ. ಕೋಲಾರ, ಚಿಕ್ಕಬಳ್ಳಾಪುರಕ್ಕೂ ಹೆಚ್ಚುಕಡಿಮೆ ಅದೇ ಲೆಕ್ಕ. ಒಂದೆರಡು ಡಿಗ್ರಿ ಸರಿದರೂ ಉಳಿಕೆ ಡೆಸಿಬೆಲ್ ಹೋಗಿಬಿಡುತ್ತದೆ. ನಮ್ಮ ಕಡೆ ಡಿಶ್ ಸರಿಸುವವರು ಇಬ್ಬರು. ಒಂದು ಕೋತಿ. ದೇವರಾಯನದುರ್ಗದ ಸುತ್ತಮುತ್ತ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಬಟ್ಟೆ ಒಣಹಾಕುವ ಹಗ್ಗ. ಡಿಶ್ ಕಂಬ ಗಟ್ಟಿಯಾಗಿದೆ ಅಂತ ಹಗ್ಗದ ಒಂದು ತುದಿ ಅದಕ್ಕೇ ಕಟ್ಟಿರುತ್ತಾರೆ. ಒದ್ದೆ ಬೆಡ್‌ಶೀಟ್ ಹಾಕಿದ ಬೆಳಗ್ಗೆ ರೆಕಾರ್ಡಿಂಗ್ ಒಡೆಯುತ್ತದೆ, ಮಧ್ಯಾಹ್ನ ಬಟ್ಟೆ ಒಣಗಿದ ಮೇಲೆ ತಾನೇ ಸರಿಹೋಗುತ್ತದೆ! ಹಗ್ಗ ಬಿಚ್ಚಿಸಿ, ಕಂಬದ ನಟ್ಟುಗಳನ್ನು ಬಿಗಿ ಮಾಡಿ. ಕ್ವಾಲಿಟಿ ನೋಡುತ್ತಾ ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿ. ಎಲ್ಲಿ ಅತಿ ಜಾಸ್ತಿಯೋ ಅಲ್ಲಿ ನಿಲ್ಲಿಸಿ. ಎಲ್‌ಎನ್‌ಬಿಯನ್ನೂ ಅದರ ಹಿಡಿಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿ. ಮಳೆ, ಗುಡುಗು ಇದ್ದಾಗ ಮೇಲೆ ಹತ್ತಬೇಡಿ. ಏಪ್ರಿಲ್-ಮೇ ಸಿಡಿಲಿನ ಕಾಲದಲ್ಲಂತೂ ರೆಕಾರ್ಡಿಂಗ್ ಹೋದರೆ ಹೋಗಲಿ, ಕೇಬಲನ್ನು ಟ್ಯೂನರ್‌ನಿಂದ ಬಿಚ್ಚಿಡಿ.

ತಿಪಟೂರು, ಗುಬ್ಬಿ ಕಡೆಯವರು ತೆಂಗಿನ ಮರ ನೋಡಬೇಕು. ಡಿಶ್ ಹಾಕಿಸಿದಾಗ ಇಲ್ಲದ ಗರಿ ನಾಲ್ಕು ವರ್ಷದಲ್ಲಿ ಅಡ್ಡ ಬಂದಿರುತ್ತದೆ. ಗಾಳಿ ಬೀಸಿದಾಗ ಮಾತ್ರ ಒಡೆಯುತ್ತದೆ ಎಂದರೆ ಇದೇ ಮೊದಲ ಅನುಮಾನ. ಆದರೆ ದೂರದ ಮರವನ್ನು ಸುಮ್ನೆ ಕಡಿಸಬೇಡಿ. 65 ಡಿಗ್ರಿ ಎಂದರೆ ತುಂಬಾ ಎತ್ತರ. ಮರ 3 ಮೀಟರ್ ದೂರದಲ್ಲಿದ್ದರೆ ಅದರ ಗರಿ ಡಿಶ್‌ಗಿಂತ ಸುಮಾರು ಆರೂವರೆ ಮೀಟರ್ ಮೇಲೆ ಹೋದಾಗ ಮಾತ್ರ ದಾರಿಗೆ ಅಡ್ಡ ಬರುತ್ತದೆ. ಡಿಶ್ ತಟ್ಟೆಯ ಮುಖ ಎತ್ತ ತಿರುಗಿದೆ ಎಂದು ನೋಡಿ ಲೆಕ್ಕ ಹಾಕಬೇಡಿ. ಈ ಆಫ್‌ಸೆಟ್ ಡಿಶ್‌ಗಳು ತಮ್ಮ ಮುಖಕ್ಕಿಂತ ಬಹಳ ಮೇಲೆ ನೋಡುತ್ತಿರುತ್ತವೆ.

ಇದನ್ನು ಖಚಿತ ಮಾಡಿಕೊಳ್ಳಲು ಸೂರ್ಯನೇ ಸಹಾಯ ಮಾಡುತ್ತಾನೆ. ಮಾರ್ಚ್ ಮಧ್ಯಭಾಗ ಮತ್ತು ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ, ಬೆಳಗ್ಗೆ 11 ಗಂಟೆ ಆಸುಪಾಸಿನಲ್ಲಿ, ಸೂರ್ಯ ಈ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ಆಗ ಡಿಶ್ ಮೇಲೆ ಮರದ ನೆರಳು ಬಿದ್ದಿದ್ದರೆ ಮರ ದಾರಿಯಲ್ಲಿದೆ. ಬಿದ್ದಿಲ್ಲವೆಂದರೆ ಮರ ನಿರಪರಾಧಿ. ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಎಲ್ಲ ಚಾನೆಲ್ಲೂ ಒಡೆದು ಹೋಗುತ್ತವೆ. ಸೂರ್ಯನ ರೇಡಿಯೋ ಗದ್ದಲ ನೇರವಾಗಿ ಡಿಶ್‌ಗೆ ಬೀಳುವುದರಿಂದ ಹಾಗಾಗುತ್ತದೆ. ಯಾರನ್ನೂ ಕರೆಸಬೇಡಿ, ಒಂದು ವಾರದಲ್ಲಿ ತಾನೇ ಮುಗಿಯುತ್ತದೆ.

ಮಳೆಯ ಮಾತು ಬೇರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಸರಾ ಬರುವುದೂ ಆಗಲೇ. ದಪ್ಪ ಹನಿಯ ಮಳೆ ಫ್ರೀ ಡಿಶ್ ಬಳಸುವ ಕೆಯು ಬ್ಯಾಂಡ್ ಸಿಗ್ನಲನ್ನು ನುಂಗುತ್ತದೆ. ನಂದಿ ಬೆಟ್ಟದ ಮಂಜು ಹಾಗೆ ಮಾಡುವುದಿಲ್ಲ, ಅದರ ಹನಿ ತೀರಾ ಚಿಕ್ಕದು. 60 ಸೆಂಟಿಮೀಟರ್ ಡಿಶ್ ಬದಲು 90 ಸೆಂಟಿಮೀಟರಿನದ್ದು ಹಾಕಿದರೆ ಸುಮಾರು 3.5 ಡೆಸಿಬೆಲ್ ಹೆಚ್ಚುವರಿ ಸಿಗುತ್ತದೆ. ಸಾಧಾರಣ ಮಳೆ ದಾಟಿಸಲು ಅಷ್ಟು ಸಾಕು, ಆಲಿಕಲ್ಲು ಮಳೆಗೆ ಸಾಲದು.

ಕೊನೆಗೆ ಒಂದು ವಿಚಿತ್ರ ತೊಂದರೆ. ಮಿಕ್ಕ ಟ್ರಾನ್ಸ್‌ಪಾಂಡರ್‌ಗಳೆಲ್ಲ ಚೆನ್ನಾಗಿದ್ದು ಒಂದೇ ಒಂದು ಕೆಟ್ಟಿದ್ದರೆ, ಹತ್ತಿರ ಮೊಬೈಲ್ ಟವರ್ ಇದ್ದರೆ, ಆ ಟ್ರಾನ್ಸ್‌ಪಾಂಡರ್‌ನ ಫ್ರೀಕ್ವೆನ್ಸಿ ನೋಡಿ. ಎಲ್‌ಎನ್‌ಬಿ ಆಕಾಶದ ಸಿಗ್ನಲನ್ನು 9750 ಮೆಗಾಹರ್ಟ್ಸ್ ಇಳಿಸಿ ಕೇಬಲ್‌ಗೆ ಬಿಡುತ್ತದೆ. ಹಾಗಾಗಿ 11,555 ರಿಂದ 11,630 ರ ನಡುವಿನ ಚಾನೆಲ್‌ಗಳು ಕೇಬಲ್ ಒಳಗೆ 1805 ರಿಂದ 1880 ಮೆಗಾಹರ್ಟ್ಸ್‌ನಲ್ಲಿ ಹರಿಯುತ್ತವೆ. 1800 ಬ್ಯಾಂಡ್‌ನ ಮೊಬೈಲ್ ಟವರ್ ಮಾತಾಡುವುದೂ ಅಲ್ಲೇ. ಅಗ್ಗದ ಕೇಬಲ್‌ನ ತೆಳು ಹೆಣಿಗೆ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದಟ್ಟ ಹೆಣಿಗೆಯ ಒಳ್ಳೆಯ ಕೇಬಲ್, ಗಟ್ಟಿಯಾಗಿ ಒತ್ತಿದ ಕನೆಕ್ಟರ್, ಇವೆರಡೇ ಮದ್ದು.

ನಾಲ್ಕನೇ ಹಂತ: ಎಲ್‌ಎನ್‌ಬಿಗೆ ಹೋಗುವ ಕರೆಂಟ್, ಸ್ಪ್ಲಿಟರ್

ಎಲ್‌ಎನ್‌ಬಿಗೆ ಕರೆಂಟ್ ಕೊಡುವುದು ಟ್ಯೂನರ್, ಅದೂ ಅದೇ ಕೇಬಲ್ ಮೂಲಕ. 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ವರ್ಟಿಕಲ್ (ಲಂಬ) ಅಲೆಗಳನ್ನು ಹಿಡಿಯುತ್ತದೆ, 18 ಕೊಟ್ಟರೆ ಹಾರಿಜಾಂಟಲ್ (ಅಡ್ಡ). ಯುಎಸ್‌ಬಿ ಟ್ಯೂನರ್ ಜೊತೆ ಒಂದು ಅಡಾಪ್ಟರ್ ಬಂದಿದ್ದರೆ ಅದನ್ನು ಹಾಕಲೇಬೇಕು. ಯುಎಸ್‌ಬಿ ತಂತಿಯಲ್ಲಿ ಬರುವ ಕರೆಂಟ್ ಎಲ್‌ಎನ್‌ಬಿಗೂ ಸಾಲುವುದು ಕಷ್ಟ. ಅಡಾಪ್ಟರ್ ಹಳೆಯದಾದರೆ ಬಿಸಿಯಾದ ಮೇಲೆ ವೋಲ್ಟೇಜ್ ಇಳಿಯುತ್ತದೆ. ರೆಕಾರ್ಡಿಂಗ್‌ನ ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಹಾಳಾಗುತ್ತಿದ್ದರೆ ಅದನ್ನು ಮುಟ್ಟಿ ನೋಡಿ.

ಒಂದೇ ಕೇಬಲನ್ನು ಸ್ಪ್ಲಿಟರ್ ಹಾಕಿ ಹಾಲ್‌ನ ಸೆಟ್‌ಟಾಪ್ ಬಾಕ್ಸ್‌ಗೂ ಕೊಟ್ಟಿದ್ದೀರಾ? ಹಾಗಿದ್ದರೆ ಮುಂದೆ ಓದುವ ಮೊದಲು ಅದನ್ನು ತೆಗೆದು ನೋಡಿ. ಎರಡೂ ಪೆಟ್ಟಿಗೆ ಒಂದೇ ಎಲ್‌ಎನ್‌ಬಿಗೆ ಅಪ್ಪಣೆ ಕೊಡುತ್ತಿರುತ್ತವೆ. ಹಾಲ್‌ನಲ್ಲಿ ಬಾಕ್ಸ್ ಆನ್ ಮಾಡಿದ, ಸ್ಟ್ಯಾಂಡ್‌ಬೈಗೆ ಹಾಕಿದ, ಆಟೋ ಸ್ಕ್ಯಾನ್ ಒತ್ತಿದ ಕ್ಷಣಕ್ಕೆ ಸರಿಯಾಗಿ ನಿಮ್ಮ ರೆಕಾರ್ಡಿಂಗ್ ಒಡೆಯುತ್ತದೆ. "ಅಮ್ಮ, ರಾತ್ರಿ ಒಂಬತ್ತೂಕಾಲಿಗೆ ಟಿವಿ ಆಫ್ ಮಾಡಿದ್ಯಾ?" ಅಂತ ಒಂದು ಮಾತು ಕೇಳಿದರೆ ಸಾಕು, ವಿಷಯ ಗೊತ್ತಾಗುತ್ತದೆ. ಎರಡು ಔಟ್‌ಪುಟ್ ಇರುವ ಟ್ವಿನ್ ಎಲ್‌ಎನ್‌ಬಿ ಹಾಕಿಸಿ ಎರಡು ಕೇಬಲ್ ಎಳೆಯಿರಿ. ಬೇರೆ ಉಪಾಯ ನೆಚ್ಚಿಕೊಳ್ಳಬೇಡಿ.

ಐದನೇ ಹಂತ: ಕಂಪ್ಯೂಟರ್ ಒಳಗೆ

ಟಿಇ ಸೊನ್ನೆ, ಸಿಸಿ ಮಾತ್ರ ಏರುತ್ತಿದೆ ಎಂದಾದರೆ ಇಲ್ಲಿಂದ ಶುರು ಮಾಡಿ.

ಯುಎಸ್‌ಬಿ ಟ್ಯೂನರ್ ಆದರೆ ಹಬ್, ಎಕ್ಸ್‌ಟೆನ್ಷನ್ ಎಲ್ಲ ತೆಗೆದು ಕಂಪ್ಯೂಟರ್ ಹಿಂಭಾಗದ ಪೋರ್ಟ್‌ಗೆ ನೇರ ಹಾಕಿ. ಮುಂಭಾಗದ ಪೋರ್ಟ್‌ಗಳು ಕ್ಯಾಬಿನೆಟ್ ಒಳಗಿನ ತೆಳು ತಂತಿಯ ಮೂಲಕ ಬರುತ್ತವೆ. ಆಮೇಲೆ ವಿಂಡೋಸ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿರುವ ಟಿಕ್ ತೆಗೆಯಿರಿ. ಲಿನಕ್ಸ್‌ನಲ್ಲಿ ಕರ್ನಲ್ ಲಾಗ್ ನೋಡಿ. ರೆಕಾರ್ಡಿಂಗ್ ಒಡೆದ ಸಮಯಕ್ಕೇ ಯುಎಸ್‌ಬಿ ಡಿಸ್ಕನೆಕ್ಟ್ ಅಥವಾ ರೀಸೆಟ್ ಎಂಬ ಸಾಲು ಇದ್ದರೆ ಕಳ್ಳ ಸಿಕ್ಕ ಹಾಗೆ.

"ಯುಎಸ್‌ಬಿ 2.0 ನಿಧಾನ, ಅದಕ್ಕೇ ಹೀಗೆ" ಎನ್ನುವ ಮಾತು ನಂಬಬೇಡಿ. ಸೆಕೆಂಡಿಗೆ 29,500 ಕಿಲೋ ಸಿಂಬಲ್‌ಗಳ ಒಂದು ಟ್ರಾನ್ಸ್‌ಪಾಂಡರ್ ಹಳೆಯ ಡಿವಿಬಿ-ಎಸ್ ವಿಧಾನದಲ್ಲಿ, 3/4 ದರದಲ್ಲಿ, ಪೂರ್ತಿಯಾಗಿ ಬಂದರೂ ಸುಮಾರು 41 ಮೆಗಾಬಿಟ್. ಯುಎಸ್‌ಬಿ 2.0 ರ ಹೆಸರಿನ ವೇಗ 480. ತೊಂದರೆ ವೇಗದ್ದಲ್ಲ, ನಡುನಡುವೆ ನಿಲ್ಲುವುದು. ಟ್ಯೂನರ್ ಕಾಯುವುದಿಲ್ಲ. ಡೇಟಾ ಎತ್ತಿಕೊಳ್ಳಲು ಕಂಪ್ಯೂಟರ್ ತಡಮಾಡಿದರೆ ಹೊಸದು ಹಳೆಯದರ ಮೇಲೆ ಬೀಳುತ್ತದೆ. ವಿಂಡೋಸ್‌ನಲ್ಲಿ ಹೀಗೆ ತಡಮಾಡುವ ಡ್ರೈವರ್ ಯಾವುದೆಂದು ಲೇಟೆನ್ಸಿಮಾನ್ ಎಂಬ ಉಚಿತ ಸಾಧನ ತೋರಿಸುತ್ತದೆ. ವೈಫೈ ಡ್ರೈವರ್ ಮೇಲೆ ಮೊದಲು ಕಣ್ಣಿಡಿ. ರೆಕಾರ್ಡಿಂಗ್ ಕಂಪ್ಯೂಟರ್‌ಗೆ ವೈಫೈ ಆಫ್ ಮಾಡಿ ಲ್ಯಾನ್ ಕೇಬಲ್ ಹಾಕಿದರೆ ಆ ಅನುಮಾನವೇ ಇರುವುದಿಲ್ಲ.

ಡಿಸ್ಕ್ ವಿಷಯ. ಒಂದು ಎಸ್‌ಡಿ ಚಾನೆಲ್ 3 ಮೆಗಾಬಿಟ್‌ನಲ್ಲಿ ಬಂದರೆ ಗಂಟೆಗೆ 1.35 ಜಿಬಿ. ಇದನ್ನು ಬರೆಯಲು ಎಂಥ ಹಳೇ ಡಿಸ್ಕ್‌ಗೂ ಆಗುತ್ತದೆ. ಆದರೂ ಮೂರು ಕಡೆ ಕೈಕೊಡುತ್ತದೆ. ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟ್‌ನಲ್ಲಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಮೇಲಿನ ಲೆಕ್ಕದಲ್ಲಿ ಮೂರು ಗಂಟೆ ದಾಟುತ್ತಿದ್ದಂತೆ ಕತ್ತರಿ ಬೀಳುತ್ತದೆ, ಅಂದರೆ ಜಾಹೀರಾತು ಸೇರಿದ ಸಿನಿಮಾದ ಕ್ಲೈಮ್ಯಾಕ್ಸ್ ಹೋಯಿತು. ಎನ್‌ಟಿಎಫ್‌ಎಸ್ ಅಥವಾ ಇಎಕ್ಸ್‌ಟಿ4 ಮಾಡಿಕೊಳ್ಳಿ. ಇನ್ನು ಡಿಸ್ಕ್ ಸಾಯುತ್ತಿರಬಹುದು. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಪೆಂಡಿಂಗ್ ಸೆಕ್ಟರ್ (ಓದಲು ಆಗದ ಜಾಗ) ಸೊನ್ನೆಗಿಂತ ಜಾಸ್ತಿ ಇದ್ದರೆ ಆ ಡಿಸ್ಕ್‌ಗೆ ಬೇಕಾದ್ದೇನನ್ನೂ ಬರೆಯಬೇಡಿ. ಸಿಆರ್‌ಸಿ ಎರರ್ (ಕೇಬಲ್‌ನಲ್ಲಿ ಸಾಗುವಾಗ ಕೆಟ್ಟ ಡೇಟಾದ ಲೆಕ್ಕ) ಮಾತ್ರ ಏರುತ್ತಿದ್ದರೆ ಸಾಟಾ ಕೇಬಲ್ ಬದಲಾಯಿಸಿ, ಡಿಸ್ಕ್ ಅಲ್ಲ. ಮೂರನೆಯದು ಆಂಟಿವೈರಸ್. ರೆಕಾರ್ಡಿಂಗ್ ಫೋಲ್ಡರನ್ನು ಅದರ ತಪಾಸಣೆಯಿಂದ ಹೊರಗಿಡಿ. ವೈಫೈ ಮೇಲೆ ನೆಟ್‌ವರ್ಕ್ ಡಿಸ್ಕ್‌ಗೆ ನೇರ ರೆಕಾರ್ಡ್ ಮಾಡುವವರು ಮೊದಲು ಕಂಪ್ಯೂಟರ್‌ನಲ್ಲೇ ಬರೆದು ಆಮೇಲೆ ಸಾಗಿಸಿ.

ಸ್ಲೀಪ್, ಆಟೋಮ್ಯಾಟಿಕ್ ಅಪ್‌ಡೇಟ್, ಗಡಿಯಾರ ತಪ್ಪಾಗಿರುವುದು, ಇವನ್ನೆಲ್ಲ ಒಂದು ಸಲ ನೋಡಿಬಿಡಿ. ಕಾರ್ಯಕ್ರಮ ಶುರುವಾಗುವ ಮುಂಚೆ ಎರಡು, ಮುಗಿದ ಮೇಲೆ ಹತ್ತು ನಿಮಿಷ ಸೇರಿಸಿಡಿ.

ಕರೆಂಟ್ ಹೋಗಿ ಬರುವ ಊರುಗಳಲ್ಲಿ

ರೆಕಾರ್ಡಿಂಗ್ ಹತ್ತಿಪ್ಪತ್ತು ಸೆಕೆಂಡ್ ಹಾರಿಹೋಗಿ ಮತ್ತೆ ಸರಿಯಾಗಿ ಮುಂದುವರಿದಿದ್ದರೆ, ಕಂಪ್ಯೂಟರ್ ಆಫ್ ಆಗದೆಯೂ ಇದ್ದರೆ, ಅಡಾಪ್ಟರ್‌ಗಳ ಕಡೆ ನೋಡಿ. ಕಂಪ್ಯೂಟರ್ ಇನ್ವರ್ಟರ್ ಮೇಲಿರುತ್ತದೆ, ಟ್ಯೂನರ್ ಅಡಾಪ್ಟರ್ ಮಾತ್ರ ಬೇರೆ ಬೋರ್ಡ್‌ಗೆ ಚುಚ್ಚಿರುತ್ತೀರಿ. ಕರೆಂಟ್ ಹೋಗಿ ಬಂದಾಗ ಅದು ಆರಿ ಹೊತ್ತುತ್ತದೆ. ಕೆಲವು ಸಲ ಎಲ್ಲವೂ ಇನ್ವರ್ಟರ್ ಮೇಲೇ ಇದ್ದರೂ ಬದಲಾಗುವ ಆ ಚೂರು ಹೊತ್ತನ್ನು ಎಕ್ಸ್‌ಟರ್ನಲ್ ಡಿಸ್ಕ್ ತಡೆದುಕೊಳ್ಳುವುದಿಲ್ಲ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಬೇಗ ಬದಲಾಗುತ್ತದೆ. ಅದೂ ಸಾಲದಿದ್ದರೆ ಕಂಪ್ಯೂಟರ್, ಟ್ಯೂನರ್, ಡಿಸ್ಕ್ ಮೂರನ್ನೂ ಒಂದು ಪುಟ್ಟ ಯುಪಿಎಸ್ ಮೇಲೆ ಇಡಿ.

ತೋಟದ ಮನೆಯವರು ಪಂಪ್‌ಸೆಟ್ ಸ್ಟಾರ್ಟ್ ಆಗುವ ಹೊತ್ತು ಬರೆದಿಟ್ಟುಕೊಳ್ಳಿ. ಮೋಟಾರ್ ಹೊತ್ತಿದ ಕ್ಷಣ ಬಲ್ಬ್ ಮಂಕಾಗುತ್ತದಲ್ಲ, ಆಗ ರೆಕಾರ್ಡಿಂಗ್‌ನಲ್ಲೂ ಕಲೆ ಬಿದ್ದಿದ್ದರೆ ಕಾರಣ ವೋಲ್ಟೇಜ್ ಕುಸಿತ. ಮದ್ದು ಅದೇ ಯುಪಿಎಸ್.

ಈಗಾಗಲೇ ಹಾಳಾದ ಫೈಲ್ ಉಳಿಸಿಕೊಳ್ಳುವುದು

ಕಳೆದುಹೋದ ಪ್ಯಾಕೆಟ್ ಮತ್ತೆ ಬರುವುದಿಲ್ಲ. ಆದರೆ ಅದರಿಂದ ಆಗುವ ಉಪದ್ರವ ಕಡಿಮೆ ಮಾಡಬಹುದು. ಒಂದು ಒಡೆತದ ನಂತರ ಕೊನೆವರೆಗೂ ಮಾತು, ತುಟಿ ಹೊಂದದಿದ್ದರೆ ಫೈಲ್ ಒಳಗಿನ ಸಮಯದ ಗುರುತುಗಳು ತಪ್ಪಿವೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಿಂದ, ಚಿತ್ರ ಮತ್ತು ಧ್ವನಿಯನ್ನು ಮತ್ತೆ ಎನ್‌ಕೋಡ್ ಮಾಡದೆ, ಹಾಗೇ ಹೊಸ ಎಂಕೆವಿ ಫೈಲ್‌ಗೆ ನಕಲು ಮಾಡಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಒಡೆದ ಜಾಗದಲ್ಲಿ ಫೈಲನ್ನು ಎರಡಾಗಿ ಕತ್ತರಿಸಿ, ಎರಡನೇ ತುಂಡಿನ ಧ್ವನಿಯನ್ನು ಬೇಕಾದಷ್ಟು ಹಿಂದೆ-ಮುಂದೆ ಸರಿಸಿ ಜೋಡಿಸಿ. ಕತ್ತರಿಸುವಾಗ ಪೂರ್ಣ ಚಿತ್ರ ಇರುವ ಜಾಗದಲ್ಲೇ ಕತ್ತರಿಸಿ, ಇಲ್ಲದಿದ್ದರೆ ಹೊಸ ಕಲೆಯನ್ನು ನೀವೇ ಹುಟ್ಟಿಸುತ್ತೀರಿ.

ಹೊಸ ಫೈಲನ್ನು ಕೊನೆವರೆಗೂ ಓಡಿಸಿ ನೋಡುವವರೆಗೆ ಮೂಲ ಟಿಎಸ್ ಫೈಲ್ (ಟ್ಯೂನರ್‌ನಿಂದ ಬಂದ ಹಾಗೇ ಇರುವ ರೆಕಾರ್ಡಿಂಗ್) ಅಳಿಸಬೇಡಿ. ಚಂದನದ ಹಳೇ ಕಾರ್ಯಕ್ರಮದಂಥ ಮತ್ತೆ ಸಿಗದ ರೆಕಾರ್ಡಿಂಗ್ ಆದರೆ ಆಮೇಲೂ ಅಳಿಸಬೇಡಿ. ಗಂಟೆಗೆ ಒಂದೂ ಕಾಲು-ಒಂದೂವರೆ ಜಿಬಿ ಜಾಗ ಈಗಿನ ಡಿಸ್ಕ್‌ಗಳಿಗೆ ದೊಡ್ಡದಲ್ಲ.